ನಿವೃತ್ತಿ ಪತ್ರ ಬರೆಯುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಸಿಬ್ಬಂದಿ ವಿಭಾಗದಲ್ಲಿ ಕೂತು ಬೇರೆಯವರ ನಿವೃತ್ತಿ ಪತ್ರಗಳನ್ನು ಫೈಲಿಗೆ ಹಾಕುವುದು ಎಷ್ಟೋ ವರ್ಷ ನನ್ನ ಕೆಲಸವಾಗಿತ್ತು. ಒಂದು ಸಾಲಿನ ಪತ್ರ ನೋಡಿದ್ದೇನೆ, ಏಳು ಪುಟದ್ದೂ ನೋಡಿದ್ದೇನೆ. ಕೊನೆಗೆ ನನ್ನ ಸರದಿ ಬಂದಾಗ ‘ಮಾನ್ಯರೇ’ ಅಂತ ಬರೆದು ಅರ್ಧ ಗಂಟೆ ಸುಮ್ನೆ ಕೂತಿದ್ದೆ. ಆಮೇಲಿಂದ ಪರಿಚಯದವರು ಈ ವಿಷಯ ಬಂದಾಗಲೆಲ್ಲ ನನ್ನನ್ನೇ ಕೇಳುತ್ತಾರೆ. ಅವರು ಕೇಳಿದ್ದು, ನಾನು ಹೇಳಿದ್ದು ಇಲ್ಲಿದೆ.

ನಾನು ರಿಟೈರ್ ಆಗುವುದು ಎಲ್ಲರಿಗೂ ಗೊತ್ತೇ ಇದೆ. ಪತ್ರ ಯಾಕೆ ಬೇಕು?

ಗೊತ್ತಿರುವುದು ಬೇರೆ, ಕಾಗದದ ಮೇಲಿರುವುದು ಬೇರೆ. ಕ್ಯಾಂಟೀನಿನಲ್ಲಿ ಆಡಿದ ಮಾತನ್ನು ನಂಬಿ ಅಕೌಂಟ್ಸ್‌ನವರು ಬಾಕಿ ಹಣ ಬಿಡುವುದಿಲ್ಲ. ಕೊನೆಯ ಸಂಬಳ, ಉಳಿದ ರಜೆ, ಪಿಂಚಣಿ, ವಿಮೆ ಯಾವತ್ತಿನವರೆಗೆ, ನಿಮ್ಮ ಜಾಗಕ್ಕೆ ಬರುವವರ ನೇಮಕ, ಎಲ್ಲಕ್ಕೂ ಒಂದು ತಾರೀಕು ಬೇಕು. ಆ ತಾರೀಕು ಎಲ್ಲಿದೆ ಅಂತ ಹುಡುಕಿದಾಗ ಕೈಗೆ ಸಿಗಬೇಕಾದ್ದು ನಿಮ್ಮ ಪತ್ರ.

ವಯಸ್ಸಾದಾಗ ತಾನಾಗಿ ಬರುವ ನಿವೃತ್ತಿಗೆ ಕೆಲವು ಕಡೆ ಪತ್ರ ಕೇಳುವುದೇ ಇಲ್ಲ. ಆದೇಶ ಅವರೇ ಹೊರಡಿಸುತ್ತಾರೆ. ಹಾಗಿದ್ದರೂ ಒಂದು ಪತ್ರ ಕೊಡಿ. ದಾಖಲೆಯಲ್ಲಿ ನಿಮ್ಮ ಹುಟ್ಟಿದ ತಾರೀಕು ತಪ್ಪಾಗಿದ್ದರೆ ಅದು ಆಗಲೇ ಬಯಲಿಗೆ ಬರುತ್ತದೆ. ಕೊನೆಯ ವಾರ ಗೊತ್ತಾದರೆ ನೀವೇ ಓಡಾಡಬೇಕು.

ರಾಜೀನಾಮೆ ಪತ್ರಕ್ಕೂ ಇದಕ್ಕೂ ಏನು ವ್ಯತ್ಯಾಸ? ಎರಡೂ ಕೆಲಸ ಬಿಡುವುದೇ ಅಲ್ವಾ?

ಬಿಡುವುದು ಒಂದೇ, ಲೆಕ್ಕ ಒಂದೇ ಅಲ್ಲ. ರಾಜೀನಾಮೆಯನ್ನು ಯಾರು ಬೇಕಾದರೂ, ಯಾವ ವಯಸ್ಸಿನಲ್ಲಾದರೂ ಕೊಡಬಹುದು. ಇಷ್ಟು ವಯಸ್ಸು ಅಥವಾ ಇಷ್ಟು ವರ್ಷದ ಸೇವೆ ಮುಗಿಸಿ, ಅದರ ಸೌಲಭ್ಯಗಳ ಸಮೇತ ಹೊರಡುವುದು ನಿವೃತ್ತಿ. ಎಷ್ಟೋ ಕಡೆಯ ಪಿಂಚಣಿ ನಿಯಮಗಳಲ್ಲಿ ಇವೆರಡಕ್ಕೂ ಬೇರೆ ಬೇರೆ ಕಲಮುಗಳಿವೆ. ರಾಜೀನಾಮೆ ಕೊಟ್ಟವರು ಕೆಲವು ಸೌಲಭ್ಯ ಕಳೆದುಕೊಳ್ಳುವುದೂ ಉಂಟು.

ಹಾಗಾಗಿ ನಿಮ್ಮ ಪತ್ರದಲ್ಲಿ ‘ರಾಜೀನಾಮೆ’ ಎಂಬ ಪದ ಎಲ್ಲೂ ನುಸುಳದಿರಲಿ. ‘ಹುದ್ದೆಗೆ ರಾಜೀನಾಮೆ ನೀಡಿ ನಿವೃತ್ತಿ ಹೊಂದುತ್ತಿದ್ದೇನೆ’ ಅಂತ ಬರೆದ ಒಬ್ಬರನ್ನು ನಾನೇ ಕರೆದು, ಬೇರೆ ಪತ್ರ ಬರೆಸಿಕೊಂಡಿದ್ದೆ. ಅವರು ಹಳೆಯ ರಾಜೀನಾಮೆ ಪತ್ರವೊಂದನ್ನು ಎದುರಿಗಿಟ್ಟುಕೊಂಡು ನಕಲು ಮಾಡಿದ್ದರು. ಸಾಲು ಬದಲಾಯಿಸಿದ್ದರು, ಆ ಒಂದು ಪದ ಹಾಗೇ ಉಳಿದಿತ್ತು. ಅದನ್ನು ನೋಡಿದವರು ನನ್ನ ಬದಲು ನಿಯಮ ಹಿಡಿದು ಕೂರುವವರಾಗಿದ್ದರೆ ಪತ್ರ ಬರೆದವರು ಆರು ತಿಂಗಳು ಅಲೆಯಬೇಕಿತ್ತು.

1974ರ ಆಗಸ್ಟ್ 9ರಂದು ಅಮೆರಿಕದ ಅಧ್ಯಕ್ಷ ರಿಚರ್ಡ್ ನಿಕ್ಸನ್ ಕೊಟ್ಟ ಪತ್ರದಲ್ಲಿ ಇದ್ದದ್ದು ಒಂದೇ ವಾಕ್ಯ. ಇಂಗ್ಲಿಷಿನಲ್ಲಿ ಎಣಿಸಿದರೆ 11 ಪದ. ಅದು ರಾಜೀನಾಮೆ, ಅದಕ್ಕೆ ಅಷ್ಟು ಸಾಕಾಯಿತು. ನಿವೃತ್ತಿ ಪತ್ರಕ್ಕೆ ಇನ್ನೂ ನಾಲ್ಕು ಸಾಲು ಬೇಕು.

ವಯೋನಿವೃತ್ತಿ, ಸ್ವಯಂ ನಿವೃತ್ತಿ ಎರಡಕ್ಕೂ ಒಂದೇ ಪತ್ರ ಆಗುತ್ತದಾ?

ಆಗುವುದಿಲ್ಲ. ವಯೋನಿವೃತ್ತಿಯಲ್ಲಿ ನೀವು ತಿಳಿಸುತ್ತೀರಿ. ಸ್ವಯಂ ನಿವೃತ್ತಿಯಲ್ಲಿ ಸಾಮಾನ್ಯವಾಗಿ ಕೇಳಿಕೊಳ್ಳುತ್ತೀರಿ, ಅವರು ಒಪ್ಪಬೇಕು. ಅಲ್ಲಿ ‘ನಿವೃತ್ತಿ ಹೊಂದುತ್ತಿದ್ದೇನೆ’ ಎನ್ನುವ ಬದಲು ‘ನಿವೃತ್ತಿಗೆ ಅನುಮತಿ ಕೊಡಬೇಕೆಂದು ಕೋರುತ್ತೇನೆ’ ಅಂತ ಬರೆಯಬೇಕಾಗುತ್ತದೆ. ಯಾವ ಯೋಜನೆ ಅಥವಾ ಯಾವ ನಿಯಮದಡಿ ಕೇಳುತ್ತಿದ್ದೀರಿ ಎನ್ನುವುದನ್ನೂ ಸೇರಿಸಿ. ಒಪ್ಪಿಗೆ ಕೈಗೆ ಬರುವವರೆಗೆ ಬೀಳ್ಕೊಡುಗೆಯ ಮಾತು ಬೇಡ.

ಎಷ್ಟು ದಿನ ಮುಂಚೆ ಕೊಡಬೇಕು?

ನೇಮಕಾತಿ ಪತ್ರದಲ್ಲಿ ನೋಟಿಸ್ ಅವಧಿ ಇರುತ್ತದೆ. ಅದು ಕನಿಷ್ಠ. ಕೈಕೆಳಗೆ ಜನ ಇದ್ದರೆ, ಅಥವಾ ನಿಮ್ಮೊಬ್ಬರಿಗೇ ಗೊತ್ತಿರುವ ಕೆಲಸ ಇದ್ದರೆ, ಮೂರರಿಂದ ಆರು ತಿಂಗಳು ಮುಂಚೆ ಹೇಳಿದರೆ ಒಳ್ಳೆಯದು. ಪಿಂಚಣಿ ಕಾಗದಪತ್ರಕ್ಕೂ ಅಷ್ಟು ಸಮಯ ಹಿಡಿಯುತ್ತದೆ.

ತೀರಾ ಬೇಗ ಹೇಳುವುದರಲ್ಲೂ ಒಂದು ತೊಂದರೆ ಇದೆ. ಒಂದು ವರ್ಷ ಮುಂಚೆ ಹೇಳಿದವರನ್ನು ಮೀಟಿಂಗಿಗೆ ಕರೆಯುವುದು ಮೂರನೇ ತಿಂಗಳಿಗೇ ನಿಂತುಹೋಗುತ್ತದೆ. ‘ಹೇಗೂ ಹೋಗುವವರು’ ಅನ್ನುವ ಹಣೆಪಟ್ಟಿ ಹಚ್ಚಿಕೊಂಡು ಒಂಬತ್ತು ತಿಂಗಳು ಕೂರುವುದು ಕಷ್ಟ. ಬೋನಸ್ ಅಥವಾ ಸಂಬಳ ಏರಿಕೆ ಹತ್ತಿರವಿದ್ದರೆ, ಅದಕ್ಕೆ ಯಾವ ದಿನ ನೀವು ಸೇವೆಯಲ್ಲಿ ಇರಬೇಕು ಅಂತ ಮೊದಲು ತಿಳಿದುಕೊಂಡು ಆಮೇಲೆ ತಾರೀಕು ಆರಿಸಿ. ಇದರಲ್ಲಿ ಸಂಕೋಚ ಪಡುವಂಥದ್ದೇನಿಲ್ಲ.

ಮೊದಲು ಬಾಯಲ್ಲಿ ಹೇಳಬೇಕಾ, ನೇರ ಪತ್ರವೇ ಕೊಡಬಹುದಾ?

ಮೊದಲು ಬಾಯಲ್ಲಿ ಹೇಳಿ, ನಿಮ್ಮ ಮೇಲಿನವರಿಗೇ ಹೇಳಿ. ಅವರಿಗೆ ಇದು ಮೂರನೆಯವರಿಂದ ಗೊತ್ತಾಗಬಾರದು. ಹೇಳಿದ ದಿನವೇ ಅಥವಾ ಮಾರನೇ ದಿನ ಪತ್ರ ಕೊಡಿ. ‘ಯೋಚನೆ ಮಾಡ್ತಾ ಇದ್ದೀನಿ’ ಅಂತ ಶುರು ಮಾಡಬೇಡಿ. ಯೋಚನೆ ಮುಗಿದ ಮೇಲೆ ಹೋಗಿ.

ಪತ್ರದಲ್ಲಿ ಏನೇನು ಇರಲೇಬೇಕು?

ಇವತ್ತಿನ ತಾರೀಕು, ಯಾರಿಗೆ, ನಿಮ್ಮ ಹೆಸರು, ಹುದ್ದೆ, ನೌಕರರ ಸಂಖ್ಯೆ ಇದ್ದರೆ ಅದು. ‘ನಿವೃತ್ತಿ’ ಎಂಬ ಪದ ಇರುವ ಒಂದು ನೇರ ವಾಕ್ಯ. ಕೊನೆಯ ಕೆಲಸದ ದಿನ. ಕೆಲಸ ವಹಿಸಿಕೊಡುವ ಬಗ್ಗೆ ಒಂದು ಮಾತು. ಬಾಕಿ ಸೌಲಭ್ಯಗಳ ಬಗ್ಗೆ ಯಾರ ಜೊತೆ ಮಾತಾಡಬೇಕು ಎನ್ನುವ ಪ್ರಶ್ನೆ. ಧನ್ಯವಾದ. ಸಹಿ. ನಿವೃತ್ತಿಯ ನಂತರ ನಿಮ್ಮನ್ನು ಹಿಡಿಯಲು ಒಂದು ಸ್ವಂತ ಈಮೇಲ್ ಅಥವಾ ಫೋನ್ ನಂಬರ್. ಇದನ್ನು ಬಹಳ ಜನ ಮರೆಯುತ್ತಾರೆ. ಆಮೇಲೆ ತೆರಿಗೆಯ ಕಾಗದ ಬಂದಿಲ್ಲ ಅಂತ ಕಾಯುತ್ತಾರೆ. ಅದು ಮುಚ್ಚಿಹೋದ ಆಫೀಸಿನ ಈಮೇಲಿಗೆ ಹೋಗಿರುತ್ತದೆ.

ಇಷ್ಟೆಲ್ಲ ಒಂದೇ ಪುಟದಲ್ಲಿ ಹಿಡಿಯುತ್ತದೆ, ಅರ್ಧ ಪುಟದಲ್ಲೂ ಹಿಡಿಸಬಹುದು.

ತಾರೀಕಿನ ಬಗ್ಗೆ ಇಷ್ಟು ತಲೆಕೆಡಿಸಿಕೊಳ್ಳಬೇಕಾ?

ಕೆಡಿಸಿಕೊಳ್ಳಬೇಕು. ಪತ್ರ ಇರುವುದೇ ಅದಕ್ಕೆ.

ಒಮ್ಮೆ ನಮ್ಮ ವಿಭಾಗಕ್ಕೆ ಬಂದ ಪತ್ರದಲ್ಲಿ ‘ಮುಂದಿನ ತಿಂಗಳ ಕೊನೆಗೆ’ ಅಂತ ಇತ್ತು. ಬರೆದದ್ದು 29ನೇ ತಾರೀಕು. ಅದು ಮೇಜಿನಿಂದ ಮೇಜಿಗೆ ದಾಟಿ ನನ್ನ ಹತ್ತಿರ ಬರುವಾಗ ತಿಂಗಳು ಬದಲಾಗಿ ಎರಡು ದಿನ ಆಗಿತ್ತು. ಮೇಲ್ಗಡೆ ತಾರೀಕು ಹಾಕಿರಲಿಲ್ಲ. ಸ್ವೀಕರಿಸಿದ ಮುದ್ರೆ ಮಾತ್ರ ಇತ್ತು, ಅದೂ ಹೊಸ ತಿಂಗಳದ್ದು. ‘ಮುಂದಿನ ತಿಂಗಳು’ ಅಂದರೆ ಯಾವುದು? ಅವರಿಗೆ ಒಂದು, ನಮ್ಮ ಅಕೌಂಟ್ಸ್‌ಗೆ ಇನ್ನೊಂದು. ಪಾಪ, ಅವರು ಬೀಳ್ಕೊಡುಗೆ ಮುಗಿಸಿಕೊಂಡು ಮನೆಗೆ ಹೋದ ಮೇಲೂ ಹಾಜರಿ ಪಟ್ಟಿಯಲ್ಲಿ ಒಂದು ತಿಂಗಳು ಗೈರುಹಾಜರಿ ಬೀಳುತ್ತಿತ್ತು.

ಇನ್ನೊಂದು ಗೊಂದಲ ‘ರಿಂದ’ ಎಂಬ ಎರಡು ಅಕ್ಷರದಲ್ಲಿದೆ. ‘ಜೂನ್ 30ರಿಂದ ನಿವೃತ್ತಿ’ ಅಂದರೆ 30ರಂದು ನೀವು ಕೆಲಸಕ್ಕೆ ಬರುತ್ತೀರೋ, ಬರುವುದಿಲ್ಲವೋ? ಎರಡು ರೀತಿಯಲ್ಲೂ ಓದಬಹುದು. ‘ಜೂನ್ 30 ನನ್ನ ಕೊನೆಯ ಕೆಲಸದ ದಿನ’ ಅಂತ ಬರೆದರೆ ಒಂದೇ ಅರ್ಥ. ತಿಂಗಳನ್ನು ಅಕ್ಷರದಲ್ಲಿ ಬರೆಯಿರಿ. 4/5 ಎನ್ನುವುದು ಒಬ್ಬರಿಗೆ ಮೇ 4, ಇನ್ನೊಬ್ಬರಿಗೆ ಏಪ್ರಿಲ್ 5. ಕೊನೆಯಲ್ಲಿ ರಜೆ ಹಾಕಿ ಹೋಗುವವರಾದರೆ ಎರಡು ದಿನಗಳನ್ನೂ ಬರೆಯಿರಿ. ಕಚೇರಿಗೆ ಬರುವ ಕೊನೆಯ ದಿನ ಒಂದು, ಸೇವೆ ಮುಗಿಯುವ ದಿನ ಇನ್ನೊಂದು.

ಮಹೇಂದ್ರ ಸಿಂಗ್ ಧೋನಿ 2020ರ ಆಗಸ್ಟ್ 15ರಂದು ಅಂತರರಾಷ್ಟ್ರೀಯ ಕ್ರಿಕೆಟ್ ಬಿಟ್ಟಾಗ ಇನ್‌ಸ್ಟಾಗ್ರಾಮಿನಲ್ಲಿ ಬರೆದದ್ದು ನೆನಪಿದೆಯಾ? ನಿಮ್ಮ ಪ್ರೀತಿಗೆ, ಬೆಂಬಲಕ್ಕೆ ಧನ್ಯವಾದ, 19:29 ಗಂಟೆಯಿಂದ ನಾನು ನಿವೃತ್ತ ಎಂದುಕೊಳ್ಳಿ. ಅಷ್ಟೇ. ಇಡೀ ದೇಶ ಅಳುತ್ತಿದ್ದರೂ ಸಿಬ್ಬಂದಿ ವಿಭಾಗದವನಾದ ನನಗೆ ಮೊದಲು ಕಂಡದ್ದು ಆ 29 ನಿಮಿಷ. ನಿಮ್ಮ ಪತ್ರಕ್ಕೆ ನಿಮಿಷ ಬೇಡ, ತಾರೀಕು ಸಾಕು.

ನನ್ನ ಜಾಗಕ್ಕೆ ಯಾರಾದರೂ ಬಂದ ಮೇಲೆ ಹೋಗುತ್ತೇನೆ ಅಂತ ಬರೆಯಬಹುದಾ?

ಬರೆಯಬಹುದು, ಆದರೆ ಗಡುವಿಲ್ಲದೆ ಬರೆಯಬೇಡಿ. ಅಮೆರಿಕದ ಸುಪ್ರೀಂ ಕೋರ್ಟಿನ ಮೊದಲ ಮಹಿಳಾ ನ್ಯಾಯಮೂರ್ತಿ ಸಾಂಡ್ರಾ ಡೇ ಓ’ಕಾನರ್ 2005ರ ಜುಲೈ 1ರಂದು ಅಧ್ಯಕ್ಷರಿಗೆ ಕೊಟ್ಟ ನಿವೃತ್ತಿ ಪತ್ರದಲ್ಲಿ ಹೀಗೇ ಇತ್ತು. ಉತ್ತರಾಧಿಕಾರಿಯ ನೇಮಕ ಖಚಿತವಾದಾಗ ನನ್ನ ನಿವೃತ್ತಿ ಜಾರಿಗೆ ಬರುತ್ತದೆ ಎಂದಿದ್ದರು. ಮೂರೇ ವಾಕ್ಯದ ಪತ್ರ, ಬಹಳ ಚೆಂದದ ಪತ್ರ. ಮೊದಲನೆಯದು ನಿರ್ಧಾರ, ಎರಡನೆಯದು ಇಷ್ಟು ವರ್ಷ ಕೆಲಸ ಮಾಡಿದ್ದರ ಹೆಮ್ಮೆ, ಮೂರನೆಯದು ಸಂಸ್ಥೆಯ ಮೇಲಿನ ಗೌರವ. ಆದರೆ ಅವರು ಪೀಠ ಬಿಟ್ಟಿದ್ದು 2006ರ ಜನವರಿ 31ರಂದು. ಏಳು ತಿಂಗಳು ಹಿಡಿಯಿತು.

ನಿಮ್ಮ ವಿಷಯದಲ್ಲಿ ಏಳು ತಿಂಗಳಿಗೆ ಮುಗಿಯುತ್ತದೆ ಅನ್ನುವ ಖಾತ್ರಿ ಇಲ್ಲ. ‘ಹೊಸಬರು ಬರುವವರೆಗೆ ಇರಲು ಸಿದ್ಧ, ಆದರೆ ಸೆಪ್ಟೆಂಬರ್ 30ನ್ನು ದಾಟುವಂತಿಲ್ಲ’ ಅಂತ ಬರೆಯಿರಿ.

ಒಂದು ಮಾದರಿ ಕೊಡುತ್ತೀರಾ?

ಇದನ್ನು ಹಾಗೇ ಇಳಿಸಿಕೊಳ್ಳಬೇಡಿ. ಮೂರನೆಯ ಸಾಲಿನಲ್ಲಿ ನಿಮ್ಮದೇ ಒಂದು ಮಾತು ಇರಲಿ.

*ವಿಷಯ: ಸೇವೆಯಿಂದ ನಿವೃತ್ತಿ*

*ಮಾನ್ಯರೇ,*

*ನಾನು ಉಗ್ರಾಣ ವಿಭಾಗದ ಮೇಲ್ವಿಚಾರಕ ಹುದ್ದೆಯಿಂದ ನಿವೃತ್ತಿ ಹೊಂದುತ್ತಿದ್ದೇನೆ. ಜೂನ್ 30 ನನ್ನ ಕೊನೆಯ ಕೆಲಸದ ದಿನ. ಇಲ್ಲಿ ಕಳೆದ 22 ವರ್ಷಗಳಲ್ಲಿ, ಹಳೆಯ ಉಗ್ರಾಣದಿಂದ ಹೊಸದಕ್ಕೆ ಸರಕು ಸಾಗಿಸಿದ ಆ ಹನ್ನೆರಡು ದಿನ ನನಗೆ ಮರೆಯಲು ಆಗುವುದಿಲ್ಲ. ಆಗ ಜೊತೆಗೆ ನಿಂತ ಎಲ್ಲರಿಗೂ, ನಿಮಗೂ ಧನ್ಯವಾದ.*

*ಮೇ ತಿಂಗಳ ಕೊನೆಯೊಳಗೆ ನನ್ನ ಕೆಲಸಗಳ ಪಟ್ಟಿ ಬರೆದು ಕೊಡುತ್ತೇನೆ. ಹೊಸಬರಿಗೆ ಜೂನ್ ಪೂರ್ತಿ ಜೊತೆಗಿದ್ದು ಹೇಳಿಕೊಡುತ್ತೇನೆ. ಉಳಿದ ರಜೆ ಮತ್ತು ನಿವೃತ್ತಿ ಸೌಲಭ್ಯಗಳ ಬಗ್ಗೆ ಯಾರನ್ನು ಕಾಣಬೇಕೆಂದು ದಯವಿಟ್ಟು ತಿಳಿಸಿ. ಈ ಪತ್ರ ತಲುಪಿದ್ದಕ್ಕೆ ಲಿಖಿತ ಉತ್ತರ ಕೋರುತ್ತೇನೆ.*

*ಇಂತಿ, (ಸಹಿ, ಹೆಸರು, ನೌಕರರ ಸಂಖ್ಯೆ, ಸ್ವಂತ ಫೋನ್ ಮತ್ತು ಈಮೇಲ್)*

ಭಾಷೆ ಎಷ್ಟು ಗಂಭೀರವಾಗಿರಬೇಕು?

‘ಈ ಮೂಲಕ ತಮ್ಮ ಅವಗಾಹನೆಗೆ ತರಬಯಸುವುದೇನೆಂದರೆ’ ಅಂತ ಶುರುವಾದ ವಾಕ್ಯ ಎಲ್ಲಿ ಮುಗಿಯುತ್ತದೆ ಅಂತ ಬರೆದವರಿಗೂ ಗೊತ್ತಿರುವುದಿಲ್ಲ. ನೇರವಾಗಿ ‘ನಾನು ನಿವೃತ್ತಿ ಹೊಂದುತ್ತಿದ್ದೇನೆ’ ಅಂದರೆ ಗೌರವವೇನೂ ಕಡಿಮೆಯಾಗುವುದಿಲ್ಲ. ನಿಮ್ಮ ಕಚೇರಿಯ ವ್ಯವಹಾರ ಯಾವ ಭಾಷೆಯಲ್ಲಿ ನಡೆಯುತ್ತದೋ ಅದರಲ್ಲೇ ಬರೆಯಿರಿ. ಕನ್ನಡದಲ್ಲಿ ಬರೆಯಬೇಕೆಂಬ ಆಸೆ ಇದ್ದು ಕಚೇರಿ ಬೇರೆ ಭಾಷೆಯದಾದರೆ, ಸಹೋದ್ಯೋಗಿಗಳಿಗೆ ಬೇರೆಯಾಗಿ ಬರೆಯುವ ಪತ್ರವನ್ನು ಕನ್ನಡದಲ್ಲಿ ಬರೆಯಿರಿ.

ಕಾರಣ ಹೇಳಬೇಕಾ?

ಬೇಡ. ನಿವೃತ್ತಿ ಎನ್ನುವುದೇ ಕಾರಣ. ಆರೋಗ್ಯ, ಮನೆಯ ವಿಷಯ ಬರೆದರೆ ಅದು ಫೈಲಿನಲ್ಲಿ ಉಳಿಯುತ್ತದೆ, ಯಾರ್ಯಾರೋ ಓದುತ್ತಾರೆ. ಅನಾರೋಗ್ಯದ ಆಧಾರದ ಮೇಲೆ ನಿವೃತ್ತಿ ಕೇಳುವವರು ಮಾತ್ರ ಅದನ್ನು ಬರೆಯಬೇಕು, ವೈದ್ಯರ ಪತ್ರದ ಜೊತೆ.

ಮನಸ್ಸಿನಲ್ಲಿ ಬಹಳ ಕಹಿ ಇದೆ. ಕೊನೆಗಾದರೂ ಹೇಳಿಬಿಡಬಾರದಾ?

ಏಳು ಪುಟದ ಪತ್ರ ನೋಡಿದ್ದೇನೆ ಅಂದೆನಲ್ಲ, ಅದು ಇಂಥದ್ದೇ. ಮೊದಲ ಪುಟ ನಿವೃತ್ತಿ, ಉಳಿದ ಆರು ಪುಟ ತಪ್ಪಿಹೋದ ಬಡ್ತಿ. ಯಾವ ವರ್ಷ, ಯಾರು, ಯಾವ ಮೀಟಿಂಗಿನಲ್ಲಿ ಏನಂದರು, ಎಲ್ಲ ಇತ್ತು. ಬರೆದದ್ದರಲ್ಲಿ ಸುಳ್ಳೂ ಇರಲಿಲ್ಲ, ನನಗೆ ಗೊತ್ತಿತ್ತು. ಅವರು ಪತ್ರ ಕೊಟ್ಟು ಹೋದವರು ಬಾಗಿಲ ಹತ್ತಿರ ನಿಂತರು. ವಾಪಸ್ ಬಂದು, ಸ್ಟೇಪ್ಲರ್ ಪಿನ್ನನ್ನು ಉಗುರಿನಿಂದ ಬಿಡಿಸಿ, ಹಿಂದಿನ ಆರು ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು. ‘ಇದು ಸಾಕು’ ಅಂತ ಮೊದಲ ಹಾಳೆ ನನ್ನ ಕಡೆ ತಳ್ಳಿದರು. ನಾನು ಏನೂ ಕೇಳಲಿಲ್ಲ.

ನೀವೂ ಬರೆಯಿರಿ, ಎಷ್ಟು ಪುಟ ಬೇಕಾದರೂ. ಆ ಹಾಳೆಗಳು ನಿಮ್ಮ ಹತ್ತಿರವೇ ಇರಲಿ. ನಿಜವಾಗಿ ತನಿಖೆ ಆಗಬೇಕಾದ ಅನ್ಯಾಯ ಇದ್ದರೆ ಅದಕ್ಕೆ ದೂರು ಅಂತ ಬೇರೆ ದಾರಿ ಇದೆ, ಬೇರೆ ಪತ್ರ ಬೇಕು. ನಿವೃತ್ತಿ ಪತ್ರದಲ್ಲಿ ಸೇರಿಸಿದರೆ ದೂರಿಗೂ ಬೆಲೆ ಇರುವುದಿಲ್ಲ. ‘ಹೋಗುವಾಗ ಏನೋ ಅಂದರು’ ಅಂತ ಪಕ್ಕಕ್ಕಿಡುತ್ತಾರೆ.

ಕಾಗದವೇ ಬೇಕಾ? ಈಮೇಲ್ ಸಾಲದಾ?

ಬಹಳ ಕಡೆ ಸಾಕು. ಸಹಿ ಮಾಡಿದ ಪತ್ರವನ್ನು ಪಿಡಿಎಫ್ ಮಾಡಿ ಜೋಡಿಸಿದರೆ ಇನ್ನೂ ಒಳ್ಳೆಯದು. ಮ್ಯಾನೇಜರಿಗೂ ಎಚ್‌ಆರ್‌ಗೂ ಒಟ್ಟಿಗೆ ಕಳಿಸಿ. ಒಂದು ಪ್ರತಿ ನಿಮ್ಮ ಸ್ವಂತ ಈಮೇಲಿಗೂ ಹೋಗಲಿ, ಕೊನೆಯ ದಿನದ ನಂತರ ಆಫೀಸ್ ಖಾತೆ ತೆರೆಯುವುದಿಲ್ಲ. ಕಾಗದದಲ್ಲಿ ಕೊಡುವವರು ಎರಡು ಪ್ರತಿ ಒಯ್ದು, ಒಂದರ ಮೇಲೆ ತಲುಪಿದ್ದಕ್ಕೆ ಸಹಿ, ಮುದ್ರೆ, ತಾರೀಕು ಹಾಕಿಸಿಕೊಂಡು ಬನ್ನಿ.

ವಾಟ್ಸ್‌ಆ್ಯಪ್ ಮೆಸೇಜ್ ಸಾಲದು.

ಸಹೋದ್ಯೋಗಿಗಳಿಗೆ ಬೇರೆ ಬರೆಯಬೇಕಾ?

ಬರೆಯಿರಿ. ಮನಸ್ಸಿನ ಮಾತೆಲ್ಲ ಬರಬೇಕಾದ್ದು ಇದರಲ್ಲೇ. ಬಾಸ್‌ಗೆ ಬರೆದ ಪತ್ರದಲ್ಲಿ ಅದನ್ನೆಲ್ಲ ತುರುಕಲು ಹೋಗಿ ಅದೂ ಕೆಡುತ್ತದೆ, ಇದೂ ಕೆಡುತ್ತದೆ.

ಕಷ್ಟ ಏನೆಂದರೆ ಎಲ್ಲರೂ ಒಂದೇ ಮಾತು ಬರೆಯುತ್ತಾರೆ. ‘ನಿಮ್ಮೆಲ್ಲರ ಸಹಕಾರಕ್ಕೆ ಚಿರಋಣಿ.’ ಇದನ್ನು ಓದಿ ಯಾರಿಗೂ ತನಗೆ ಹೇಳಿದ್ದು ಅನ್ನಿಸುವುದಿಲ್ಲ. ನನ್ನ ಪತ್ರದಲ್ಲಿ ನಾನು ಒಂದೇ ಒಂದು ಸಂಗತಿ ಬರೆದೆ. ಹೊಸದಾಗಿ ಸೇರಿದಾಗ ನಾನು ಒಂದು ಇಡೀ ವಿಭಾಗದ ರಜೆ ಲೆಕ್ಕ ತಪ್ಪು ಮಾಡಿದ್ದೆ. ಪಕ್ಕದ ಮೇಜಿನವರು ಯಾರಿಗೂ ಹೇಳದೆ ಸಂಜೆ ಕೂತು ನನ್ನ ಜೊತೆ ಮತ್ತೆ ಕೂಡಿದ್ದರು. ಕೆಂಪು ಪೆನ್ಸಿಲ್ ಅವರ ಕೈಯಲ್ಲಿ, ರಬ್ಬರ್ ನನ್ನ ಕೈಯಲ್ಲಿ. ಅಷ್ಟು ಬರೆದದ್ದಕ್ಕೆ, ಯಾವತ್ತೂ ಮಾತಾಡದವರು ಕೂಡ ಬಂದು ತಮ್ಮ ತಮ್ಮ ಮೊದಲ ತಪ್ಪಿನ ಕತೆ ಹೇಳಿದರು.

ಹೆಸರು ಹಿಡಿದು ಧನ್ಯವಾದ ಹೇಳುವುದಾದರೆ ಎಚ್ಚರ. ಹತ್ತು ಹೆಸರು ಬರೆದರೆ ಹನ್ನೊಂದನೆಯವರಿಗೆ ಬೇಜಾರು. ಮೂರಕ್ಕಿಂತ ಜಾಸ್ತಿ ಬೇಡ, ಉಳಿದವರಿಗೆ ಖುದ್ದಾಗಿ ಹೇಳಿ.

ಗ್ರಾಹಕರಿಗೆ, ಹೊರಗಿನವರಿಗೆ ಹೇಗೆ ತಿಳಿಸುವುದು?

ಅವರಿಗೆ ನಿಮ್ಮ ನೆನಪುಗಳು ಬೇಡ, ನಾಳೆ ಯಾರಿಗೆ ಫೋನ್ ಮಾಡಬೇಕು ಅನ್ನುವುದು ಬೇಕು. ‘ಜೂನ್ 30ರ ನಂತರ ನಿಮ್ಮ ಕೆಲಸವನ್ನು ಇಂಥವರು ನೋಡಿಕೊಳ್ಳುತ್ತಾರೆ, ಬಾಕಿ ಇರುವ ಎರಡು ಆರ್ಡರ್‌ಗಳ ವಿವರ ಅವರ ಹತ್ತಿರ ಇದೆ’ ಅಂದರೆ ಮುಗಿಯಿತು. ಸಂಸ್ಥೆಯ ಒಪ್ಪಿಗೆ ಇಲ್ಲದೆ ಕಳಿಸಬೇಡಿ.

ಸ್ವಂತ ವ್ಯವಹಾರ ಮುಚ್ಚಿ ನಿವೃತ್ತಿ ಆಗುವವರು ಇನ್ನೊಂದು ಸೇರಿಸಬೇಕು. ಜನರ ಕಾಗದಪತ್ರ, ಮುಂಗಡ ಹಣ ನಿಮ್ಮ ಹತ್ತಿರ ಇದ್ದರೆ ಅದು ಯಾವಾಗ, ಎಲ್ಲಿ ವಾಪಸ್ ಸಿಗುತ್ತದೆ ಅಂತ ಬರೆಯಿರಿ. ವೈದ್ಯರು, ವಕೀಲರು ಇದನ್ನು ತಿಂಗಳುಗಟ್ಟಲೆ ಮುಂಚೆ ತಿಳಿಸುವುದು ಒಳ್ಳೆಯದು.

‘ಯಾವಾಗ ಬೇಕಾದರೂ ಫೋನ್ ಮಾಡಿ’ ಅಂತ ಸೇರಿಸಲಾ?

ನಿಜವಾಗಿ ಮಾಡುತ್ತಾರೆ! ನಾನು ಹಾಗೆ ಬರೆದಿದ್ದೆ. ಮೊದಲ ತಿಂಗಳು ದಿನಕ್ಕೆ ಎರಡು ಫೋನ್ ಬರುತ್ತಿತ್ತು, ಒಮ್ಮೆ ಬೀರುವಿನ ಕೀಲಿ ಎಲ್ಲಿ ಅಂತ. ಕೀಲಿ ಬೀರುವಿನಲ್ಲೇ ನೇತಾಡುತ್ತಿತ್ತು. ‘ಮೊದಲ ಒಂದು ತಿಂಗಳು, ತುರ್ತು ಇದ್ದರೆ’ ಅಂತ ಮಿತಿ ಹಾಕಿ. ಸಲಹೆಗಾರರಾಗಿ ಮುಂದುವರಿಯುವ ಮನಸ್ಸಿದ್ದರೆ ಅದು ಬೇರೆ ಮಾತುಕತೆ, ಸಂಭಾವನೆಯ ಸಮೇತ. ಈ ಪತ್ರದಲ್ಲಿ ಬೆರೆಸಬೇಡಿ.

ಕೊಟ್ಟ ಮೇಲೆ ಮನಸ್ಸು ಬದಲಾದರೆ?

ಅವರು ಒಪ್ಪಿಗೆ ಕೊಡುವ ಮೊದಲೇ ಬರೆದು ಕೇಳಿ. ಒಪ್ಪಿ ಬೇರೆಯವರನ್ನು ನೇಮಿಸಿಕೊಂಡ ಮೇಲೆ ವಾಪಸ್ ಪಡೆಯುವುದು ಬಹಳ ಕಡೆ ಅವರ ಮರ್ಜಿ. ಬ್ಯಾಸ್ಕೆಟ್‌ಬಾಲ್ ಆಟಗಾರ ಮೈಕಲ್ ಜೋರ್ಡನ್ 1993ರಲ್ಲಿ ನಿವೃತ್ತಿ ಘೋಷಿಸಿ, 1995ರ ಮಾರ್ಚ್‌ನಲ್ಲಿ ‘ನಾನು ವಾಪಸ್ ಬಂದೆ’ ಎಂಬರ್ಥದ ಎರಡೇ ಪದದ ಪ್ರಕಟಣೆ ಕೊಟ್ಟು ಆಟಕ್ಕೆ ಮರಳಿದರು. ನಮ್ಮ ನಿಮ್ಮ ಕುರ್ಚಿ ಅಷ್ಟು ದಿನ ಖಾಲಿ ಇರುವುದಿಲ್ಲ.

ಪತ್ರ ಕೊಟ್ಟು ಎರಡು ವಾರ ಆಯಿತು, ಯಾರೂ ಏನೂ ಹೇಳುತ್ತಿಲ್ಲ. ಏನು ಮಾಡಲಿ?

ಬಹಳ ಸಲ ಅದು ಯಾರದೋ ಟ್ರೇನಲ್ಲಿ ಕೆಳಗೆ ಬಿದ್ದಿರುತ್ತದೆ. ಎರಡು ಸಾಲು ಬರೆಯಿರಿ: ‘ಇಂಥ ತಾರೀಕಿನಂದು ಕೊಟ್ಟ ನನ್ನ ನಿವೃತ್ತಿ ಪತ್ರದ ಪ್ರತಿ ಇದರೊಂದಿಗಿದೆ. ಕೊನೆಯ ಕೆಲಸದ ದಿನ ಜೂನ್ 30 ಎಂದು ದಯವಿಟ್ಟು ಖಚಿತಪಡಿಸಿ.’ ಸಿಟ್ಟು ಬೇಡ. ಅದಕ್ಕೂ ಉತ್ತರ ಇಲ್ಲದಿದ್ದರೆ ಒಂದು ಹೆಜ್ಜೆ ಮೇಲಿನವರಿಗೆ ಪ್ರತಿ ಹಾಕಿ ಮತ್ತೆ ಕಳಿಸಿ.

ನನ್ನ ಪತ್ರಕ್ಕೂ ಹೀಗೇ ಆಯಿತು. ಮೂರನೇ ವಾರ ವಿಚಾರಿಸಿದರೆ, ಆ ವಿಭಾಗಕ್ಕೆ ಬಂದ ಪತ್ರಗಳನ್ನು ನೋಡಬೇಕಾದವನು ನಾನೇ ಆಗಿದ್ದರಿಂದ ಅದನ್ನು ನನ್ನ ಮೇಜಿನ ಮೇಲೇ ಇಟ್ಟು ಹೋಗಿದ್ದರು. ಮುದ್ರೆ ಹೊಡೆದು, ತಾರೀಕು ಹಾಕಿ, ಒಂದು ಪ್ರತಿ ಮನೆಗೆ ತಂದೆ.